ನೀಲಿ ಹೆಬ್ಬೆರಳು

ಉಚ್ಚಂಗಮ್ಮನ ಬಾಯಿಗೆ ಹೆದರದವರು ಆಂಧ್ರದ ಗಡಿಯ ರಾಯದುರ್ಗದ ಆ ಓಣಿಯಲ್ಲಿ ಇಬ್ಬರೇ ಇಬ್ಬರು. ಒಬ್ಬಳು ಅವಳ ಸೊಸೆ ಉಷಾರಾಣಿ, ಇನ್ನೊಬ್ಬಳು ಹನ್ನೆರಡು ವರ್ಷದ ಮೊಮ್ಮಗಳು ಅರ್ಚನಾ. ಮಗ ಮಾರುತಿಯನ್ನು ಇದರಲ್ಲಿ ಸೇರಿಸುವ ಹಾಗಿಲ್ಲ. ಅವನು ಹೆದರುವವನೂ ಅಲ್ಲ, ಎದುರಾಡುವವನೂ ಅಲ್ಲ. ಮನೆಯಲ್ಲಿ ಮಾತು ಏರಿತೆಂದರೆ ಚಪ್ಪಲಿ ಹುಡುಕುವವನು.

ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಬಿಟ್ಟ ಮರುದಿನವೇ ಅವನು ಚಪ್ಪಲಿ ಹುಡುಕುವ ಹೊತ್ತು ಬಂತು. ತಟ್ಟೆಯಲ್ಲಿ ಮಂಡಕ್ಕಿಯ ಉಗ್ಗಾಣಿ ಇನ್ನೂ ಅರ್ಧ ಇತ್ತು. ಉಷಾರಾಣಿ ಒಂದು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಬಹಳ ದಿನಕ್ಕೆ ಪೆನ್ನು ಹಿಡಿದವಳಾದ್ದರಿಂದ ಒಂದೊಂದೇ ಅಕ್ಷರ ಒತ್ತಿ ಒತ್ತಿ, ತನ್ನ ಹೆಸರು ಬರೆಯುತ್ತಿದ್ದಳು.

"ಏನದು?" ಉಚ್ಚಂಗಮ್ಮ ಕೇಳಿದಳು.

"ಲೈಬ್ರರಿ ಕಾಗ್ದ ಅತ್ತೆ. ರಜದಲ್ಲಿ ಮಕ್ಳಿಗೆ ಓದೋ ಶಿಬಿರ ಮಾಡ್ತವ್ರೆ. ಬೆಳಿಗ್ಗೆ ಎಂಟಕ್ಕೆ ಹೋದ್ರೆ ಹನ್ನೊಂದಕ್ಕೆ ಬತ್ತಳೆ. ದುಡ್ಡು ಕಾಸು ಏನಿಲ್ಲ. ನಾವು ಸೈನ್ ಹಾಕಿ ಜವಾಬ್ದಾರಿ ತಗೊಂಡ್ರೆ ಪುಸ್ತಕ ಮನೆಗೂ ಕೊಡ್ತರಂತೆ."

"ಆಕಿ ಅಲ್ಲಿ ಓದ್ತಾ ಕುಂತ್ರ ಇಲ್ಲಿ ದಾರ ಯಾರು ಕತ್ತರಿಸ್ಬೇಕು? ನಿಮ್ಮಪ್ಪ ಬರ್ತಾನೇನು ಮಡಕಶಿರದಿಂದ?"

"ನಮ್ಮಪ್ಪನ್ನ ಯಾಕೆ ಎಳೀತೀರ? ಅವ್ಳ ಪಾಲಿಂದು ನಾನು ಕತ್ತರಿಸ್ತೀನಿ."

"ಓಬುಲೇಶಗ ಮಾತು ಕೊಟ್ಟೀನಿ ನಾನು. ರಜಾದಾಗ ಮನ್ಯಾಗ ಇನ್ನೊಂದು ಜೊತಿ ಕೈ ಇರ್ತಾವ, ಎರಡು ಬಂಡಲ್ ಜಾಸ್ತಿ ಹಾಕಪ್ಪ ಅಂದೀನಿ."

"ನನ್ನ ಕೇಳಿ ಕೊಟ್ರಾ ಮಾತು?"

ಮಾರುತಿ ಉಳಿದ ಉಗ್ಗಾಣಿ ಅಲ್ಲೇ ಬಿಟ್ಟು ಎದ್ದ.

ಆ ಮನೆಯ ಅನ್ನ ಜೀನ್ಸ್ ಪ್ಯಾಂಟಿನಿಂದ ಬರುತ್ತಿತ್ತು. ಮಾರುತಿ ಊರಾಚೆಯ ಒಂದು ಹೊಲಿಗೆ ಶೆಡ್ಡಿನಲ್ಲಿ ಮಷಿನ್ ತುಳಿಯುತ್ತಿದ್ದ. ಹೊಲಿದ ಪ್ಯಾಂಟುಗಳನ್ನು ಓಬುಲೇಶ್ ಎನ್ನುವವನು ಆಟೋದಲ್ಲಿ ತಂದು ಮನೆಮನೆಗೆ ಹಂಚುತ್ತಿದ್ದ. ಹೊಲಿಗೆಯ ಕೊನೆಗೆಲ್ಲ ಜೋತಾಡುವ ದಾರಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಮಡಿಚಿ, ಕಟ್ಟಿ ಕೊಡುವುದು ಹೆಂಗಸರ ಕೆಲಸ. ಆಮೇಲೆ ಅವು ತೊಳೆಯುವುದಕ್ಕೆ ಬಳ್ಳಾರಿಗೆ ಹೋಗುತ್ತಿದ್ದವು. ತೊಳೆಯದ ಬಟ್ಟೆ ಬಣ್ಣ ಬಿಡುತ್ತದೆ. ನಡುಮನೆಯ ಗೋಡೆ, ಬಾಗಿಲ ಚಿಲಕ, ಉಪ್ಪಿನ ಡಬ್ಬಿಯ ಮುಚ್ಚಳ ಎಲ್ಲವೂ ನೀಲಿ. ಎಂಟು ವರ್ಷದಿಂದ ಈ ಕೆಲಸದಲ್ಲಿದ್ದ ಉಚ್ಚಂಗಮ್ಮನ ಎರಡೂ ಕೈ ಮಣಿಕಟ್ಟಿನವರೆಗೆ ನೀಲಿಯಾಗಿ, ಅದು ಅವಳಿಗೆ ತನ್ನ ಮೈಬಣ್ಣವೇ ಆಗಿಹೋಗಿತ್ತು. ಶುರುವಿನ ವರ್ಷದಲ್ಲೇ ಕತ್ತರಿ ಬಲಗೈ ಹೆಬ್ಬೆರಳನ್ನು ಓರೆಯಾಗಿ ಸೀಳಿತ್ತು. ಗಾಯ ಮಾದರೂ ಅಲ್ಲೊಂದು ಗೀರು ಆಳವಾಗಿ ಉಳಿದಿತ್ತು.

ಜಗಳ ಎರಡು ದಿನ ನಡೆಯಿತು. ಮುದ್ದೆ ತಿರುವುವಾಗ ನಡೆಯಿತು, ಕೊಳಾಯಿಯ ಮುಂದೆ ಸರದಿಯಲ್ಲಿ ನಿಂತಾಗ ನಡೆಯಿತು. ಉಷಾರಾಣಿ ಒಂಬತ್ತನೇ ಕ್ಲಾಸಿಗೆ ಬಿಟ್ಟವಳು. "ನನ್ನ ಕೈಯಿಂದ ಪುಸ್ತಕ ಕಿತ್ಕೊಂಡು ನಿಮ್ಮ ಮನೆಗೆ ಕಳಿಸಿದ್ರು, ನನ್ನ ಮಗಳ ಕೈಯಿಂದ ಕಿತ್ಕೊಳ್ಳಾಕೆ ಬಿಡಲ್ಲ" ಎಂದಳು. ಕೊನೆಗೆ ಉಚ್ಚಂಗಮ್ಮನೇ ಒಂದು ಕರಾರು ಹಾಕಿದಳು: ಹುಡುಗಿ ಹೋಗಲಿ, ಆದರೆ ಮಧ್ಯಾಹ್ನ ಉಂಡ ಮೇಲೆ ನಲವತ್ತು ಪ್ಯಾಂಟು ಮುಗಿಸಬೇಕು, ಒಂದು ಕಮ್ಮಿಯಾದರೆ ಮರುದಿನ ಲೈಬ್ರರಿ ಬಂದ್.

"ಆಯ್ತು" ಎಂದಳು ಅರ್ಚನಾ. ತಾಯಿ ಬಾಯಿ ತೆರೆಯುವ ಮೊದಲೇ ಒಪ್ಪಿಕೊಂಡುಬಿಟ್ಟಳು.

ಲೈಬ್ರರಿ ಎಂದರೆ ಪೇಟೆಯ ಹಿಂದಿನ ಎರಡು ಕೋಣೆ. ತೆಲುಗು ಪೇಪರು ಓದಲು ಬರುವ ಮುದುಕರು, ಪರೀಕ್ಷೆಗೆ ಕೂರುವ ಹುಡುಗರು, ಒಂದು ಬೀರು ಕನ್ನಡ ಪುಸ್ತಕ. ಬೇಸಿಗೆಗೆಂದು ಮಕ್ಕಳ ಪುಸ್ತಕ ಎರಡು ಪೆಟ್ಟಿಗೆ ಹೊಸದಾಗಿ ಬಂದಿದ್ದವು. ನೋಡಿಕೊಳ್ಳುವವರು ರವಿಶಂಕರ ಎನ್ನುವ ಮೇಷ್ಟ್ರಂಥ ಮನುಷ್ಯ. ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಿದ್ದರು, ಓದಿದ ಕಥೆಯನ್ನು ಪುಸ್ತಕ ಮುಚ್ಚಿ ಹೇಳಿಸುತ್ತಿದ್ದರು, ಹತ್ತು ಗಂಟೆಗೆ ಒಂದೊಂದು ಲೋಟ ಮಜ್ಜಿಗೆ ಕೊಡುತ್ತಿದ್ದರು. ಶಿಬಿರದಲ್ಲಿ ಕನ್ನಡ ಶಾಲೆಯ ಮಕ್ಕಳು ಆರು ಜನ. ಅವರಲ್ಲಿ ಅರ್ಚನಾ ಮೊದಲ ವಾರಕ್ಕೇ ಐದು ಪುಸ್ತಕ ಓದಿದಳೆಂದು ಸುದ್ದಿ ಮನೆಗೆ ಬಂತು.

"ಓದಿ ಏನು ಸಿಕ್ತು?" ಅಜ್ಜಿ ಕೇಳಿದಳು.

"ಮಜ್ಜಿಗಿ ಸಿಕ್ತು" ಎಂದು ಅರ್ಚನಾ ನಕ್ಕಳು.

ಮನೆಗೆ ತಂದ ಪುಸ್ತಕಕ್ಕೆ ಅವಳು ಮಾಡುತ್ತಿದ್ದ ಉಪಚಾರ ನೋಡಿ ಉಚ್ಚಂಗಮ್ಮನಿಗೆ ನಗು, ಸಿಟ್ಟು ಎರಡೂ ಬರುತ್ತಿದ್ದವು. ಹಳೆಯ ಪೇಪರಿನ ಹೊದಿಕೆ. ಮುಟ್ಟುವ ಮೊದಲು ಬಟ್ಟೆ ಸೋಪಿನಿಂದ ಕೈ ಉಜ್ಜುವುದು, ಉಗುರಿನ ಸಂದಿಗೆ ಹಳೆಯ ಬ್ರಷ್ಷು. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರು ಅದು.

"ಕೊಡ ನೀರು ಕೈಗೇ ಸುರೀತಾಳ! ಪುಸ್ತಕಕ್ಕೇನು ಮೈಲಿಗಿ ಆಗ್ತೈತೇನೆ?"

"ಕಲೆ ಆಗ್ತೈತಜ್ಜಿ. ಸಾರ್ ಬೈತಾರ. ನೀನೂ ಮುಟ್ಟಬ್ಯಾಡ, ತೊಳ್ಕೊಂಡ್ರ ಮಾತ್ರ."

"ನನಗ್ಯಾಕ ಬೇಕು ನಿನ್ನ ಪುಸ್ತಕ? ಅದರ ಮ್ಯಾಲೆ ಸಾರಿನ ಪಾತ್ರಿ ಇಡ್ಲೇನು?"

ಆದರೆ ಎರಡನೆಯ ವಾರದಲ್ಲಿ ಒಂದು ಹೊಸ ಪದ್ಧತಿ ಬೆಳೆಯಿತು. ಮಧ್ಯಾಹ್ನ ನಲವತ್ತು ಪ್ಯಾಂಟು ಮುಗಿಸಿದ ಮೇಲೆ ಅರ್ಚನಾ ಕೈ ತೊಳೆದು, ಗೋಡೆಗೆ ಒರಗಿ, ಗಟ್ಟಿಯಾಗಿ ಓದುವುದು. ಅಜ್ಜಿ, ತಾಯಿ ಕತ್ತರಿ ಆಡಿಸುತ್ತ ಕೇಳುವುದು. ಅದನ್ನು ಶುರು ಮಾಡಿದವಳು ಉಷಾರಾಣಿ. ಟಿ.ವಿ. ಹಾಕಿದರೆ ಕಣ್ಣು ಅತ್ತ ಹೋಗಿ ಬಟ್ಟೆಗೆ ಕತ್ತರಿ ತಾಗುತ್ತಿತ್ತು, ಓದಿದರೆ ಕಿವಿ ಮಾತ್ರ ಸಾಕಿತ್ತು. ಉಚ್ಚಂಗಮ್ಮ ಮೊದಲೆರಡು ದಿನ ಬೇಕೆಂದೇ ಕೆಮ್ಮಿದಳು. ಮೂರನೆಯ ದಿನ ಪಕ್ಕದ ಮನೆಯ ಕೆಂಪಕ್ಕ ಬಂದು ಮಾತಿಗೆ ತೊಡಗಿದಾಗ, "ಸುಮ್ಕಿರಬೇ, ಆ ರಾಜ ಏನಾದ ಕೇಳೋಣು" ಎಂದಳು. ಉಷಾರಾಣಿ ತಲೆ ತಗ್ಗಿಸಿ ನಕ್ಕಿದ್ದು ಅವಳಿಗೆ ಕಾಣದೆ ಇರಲಿಲ್ಲ.

ಮೇ ಕೊನೆಯ ವಾರದಲ್ಲಿ ಅರ್ಚನಾ ಒಂದು ದೊಡ್ಡ ಚಿತ್ರದ ಪುಸ್ತಕ ತಂದಳು. ಸಮುದ್ರದ ಪುಸ್ತಕ. ಅವತ್ತು ಅವಳ ಕಾಲು ನೆಲದ ಮೇಲಿರಲಿಲ್ಲ. ಶಿಬಿರ ಮುಗಿಯುವ ದಿನ ಅನಂತಪುರದಿಂದ ದೊಡ್ಡವರು ಬರುತ್ತಾರೆ, ಅವರೆದುರು ಕನ್ನಡದಲ್ಲಿ ಓದಲು ರವಿಶಂಕರ ಸಾರ್ ಅವಳನ್ನೇ ಆರಿಸಿದ್ದರು. ಈ ಪುಸ್ತಕದಲ್ಲಿ ಬಿರುಗಾಳಿ ಬರುವ ಭಾಗ ಓದಬೇಕು. ಉಷಾರಾಣಿ ಆ ಸಂಜೆ ಓಣಿಯ ಐದು ಮನೆಗೆ ಹೋಗಿ ಸಕ್ಕರೆ ಸಾಲ ಕೇಳಿದಳು. ಮನೆಯಲ್ಲಿ ಸಕ್ಕರೆ ಇತ್ತು, ಸುದ್ದಿ ಹೇಳಲು ನೆಪ ಬೇಕಿತ್ತು.

ಕಥೆ ಇಷ್ಟು: ಕಡಲ ದಂಡೆಯ ಒಂದು ಹುಡುಗಿ. ಅವಳಪ್ಪ ದೋಣಿ ತೆಗೆದುಕೊಂಡು ಮೀನಿಗೆ ಹೋಗಿದ್ದಾನೆ. ಮೋಡ ಕವಿಯುತ್ತದೆ, ಗಾಳಿ ಏಳುತ್ತದೆ, ಉಳಿದ ದೋಣಿಗಳೆಲ್ಲ ಬಂದವು, ಅವನದು ಬರಲಿಲ್ಲ. ತಾಯಿ ಮಗಳು ಮರಳಿನ ಮೇಲೆ ಲಾಟೀನು ಹಚ್ಚಿಟ್ಟು ಕೂತಿದ್ದಾರೆ. ಅಷ್ಟಕ್ಕೆ ಅರ್ಚನಾ ಪುಸ್ತಕ ಮುಚ್ಚಿದಳು.

"ಯಾಕ ನಿಲ್ಲಿಸ್ದಿ?" ಉಚ್ಚಂಗಮ್ಮನ ಕತ್ತರಿಯೂ ನಿಂತಿತು.

"ಉಳಿದಿದ್ದು ನಾಳೆ. ಕೊನೀದು ನಾನೂ ಓದಿಲ್ಲ ಅಜ್ಜಿ, ಎಲ್ಲಾರೂ ಕೂಡಿ ಕೇಳೋಣು ಅಂತ ಇಟ್ಟೀನಿ."

"ಬಂತೋ ಇಲ್ಲೋ ಅಷ್ಟು ಹೇಳು."

"ನಾಳೆ!" ಎಂದು ಅರ್ಚನಾ ಪುಸ್ತಕವನ್ನು ಹೊದಿಕೆಯೊಳಗೆ ಹಾಕಿ, ಗೂಡಿನಲ್ಲಿ ದೇವರ ಪಟದ ಪಕ್ಕ ಇಟ್ಟು, ಕೊಡ ಎತ್ತಿಕೊಂಡು ತಾಯಿಯ ಹಿಂದೆ ನೀರಿಗೆ ಹೋದಳು.

ಉಚ್ಚಂಗಮ್ಮ ಒಬ್ಬಳೇ ಉಳಿದಳು. ಅವಳು ಸಮುದ್ರ ಕಂಡವಳಲ್ಲ. ಬಹಳ ನೀರು ಅಂತ ಕಂಡಿದ್ದು ಭೈರವಾನಿತಿಪ್ಪದ ಡ್ಯಾಮಿನಲ್ಲಿ, ಅದೂ ಮದುವೆಯಾದ ವರ್ಷ. ಒಂದು ಪ್ಯಾಂಟು ಮುಗಿಸಿದಳು. ಇನ್ನೊಂದು ಎತ್ತಿಕೊಂಡಳು, ಕೆಳಗಿಟ್ಟಳು. ಆ ದೋಣಿ ಏನಾಯಿತು? ಓದಲು ಬಾರದಿದ್ದರೇನು, ಚಿತ್ರ ಇದ್ದವಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಎದ್ದು ಗೂಡಿನಿಂದ ಪುಸ್ತಕ ತೆಗೆದಳು.

ಕೈ ತೊಳೆಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ ಎನ್ನುವಂತಿಲ್ಲ. ಕೈ ನೋಡಿಕೊಂಡಳು, ಒಣಗಿತ್ತು, ಸೆರಗಿಗೆ ಒರೆಸಿದಳು. ಒಣಗಿದ ಕೈ ಶುದ್ಧ ಕೈ ಎಂದೇ ಅವಳ ಲೆಕ್ಕ. ಹೊಸ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಡಿಚಿದ ಪ್ಯಾಂಟು ಎಣಿಸುವಾಗ ಮಾಡುವ ಹಾಗೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ಬಿಡಿಸಿದಳು. ಮನೆಯಷ್ಟೆತ್ತರದ ಅಲೆ. ಮತ್ತೆ ನಾಲಿಗೆಗೆ ಹೆಬ್ಬೆರಳು. ಬಿಳಿ ಹಾಯಿ, ಹಾಯಿಯ ಹಿಂದೆ ಮಿಂಚು. ಮತ್ತೊಂದು ಹಾಳೆ. ಬೆಳಗಾಗಿದೆ, ಬಿಳಿ ಮರಳು, ಮರಳಿನ ಮೇಲೆ ಬೋರಲಾದ ಒಂದು ದೋಣಿ, ಸುತ್ತ ಜನ. ಉಚ್ಚಂಗಮ್ಮ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಬೋರಲಾದದ್ದು ಮುಳುಗಿದ ದೋಣಿಯೋ, ಒಣಗಲು ಹಾಕಿದ ದೋಣಿಯೋ? ಆ ಜನ ಅಳುತ್ತಿದ್ದಾರೋ ನಗುತ್ತಿದ್ದಾರೋ? ಪೊರೆ ಬಂದ ಕಣ್ಣಿಗೆ ಮುಖ ಕಾಣಲಿಲ್ಲ. ಮುಖವೇ ಕಾಣದವಳಿಗೆ ಹಾಳೆಯ ಅಂಚಿನ ಕಲೆ ಎಲ್ಲಿ ಕಂಡೀತು. ಹೊರಗೆ ಕೊಡದ ಸಪ್ಪಳ ಕೇಳಿಸಿತು. ಪುಸ್ತಕ ಗೂಡಿಗೆ ಹೋಯಿತು, ಕತ್ತರಿ ಕೈಗೆ ಬಂತು. ಒಳಗೊಳಗೇ ಅವಳಿಗೆ ಒಂದು ಥರದ ಖುಷಿಯೂ ಆಯಿತು.

ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಬೇಕೆಂದು ಅರ್ಚನಾ ಪುಸ್ತಕವನ್ನು ಹೊದಿಕೆಯ ಸಮೇತ ಲೈಬ್ರರಿಗೆ ಒಯ್ದಳು. ಒಂಬತ್ತೂವರೆಗೆ ಅಲ್ಲಿಂದ ಉಷಾರಾಣಿಗೆ ಫೋನು ಬಂತು. ಹತ್ತೂವರೆಗೆ ತಾಯಿ ಮಗಳು ಇಬ್ಬರೂ ಮನೆಗೆ ಬಂದರು. ಉಷಾರಾಣಿ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದಳು.

"ನೋಡಿ ಅತ್ತೆ! ನೋಡಿ ನಿಮ್ಮ ಮೊಮ್ಮಗಳ ಘನಂದಾರಿ ಕೆಲ್ಸ!" ಪುಸ್ತಕವನ್ನು ಪ್ಯಾಂಟಿನ ರಾಶಿಯ ಮೇಲೆ ಬಿಚ್ಚಿ ಒಗೆದಳು. ಹೊಸದು ತಂದುಕೊಡಬೇಕೆಂದು ರವಿಶಂಕರ ಅದನ್ನು ಅವಳ ಕೈಗೇ ಕೊಟ್ಟು ಕಳಿಸಿದ್ದರು. "ನಾಲ್ಕು ಜನ ತಾಯಂದಿರ ಮುಂದೆ ತೋರಿಸಿದ್ರು ನಂಗೆ. ಸೈನ್ ಹಾಕಿದೋಳು ನಾನು! ನನ್ನ ಮಗಳ ಕೈ ಬಲು ಶುದ್ಧ ಅಂತ ಹೇಳ್ಕೊಂಡು ತಿರುಗಿದೋಳು ನಾನು!"

ಬಿಳಿ ಹಾಯಿಯ ಮೇಲೆ ಒಂದು, ಬಿಳಿ ಮರಳಿನ ಮೇಲೆ ಒಂದು, ಅಂಚಿನಲ್ಲಿ ಇನ್ನೊಂದು. ಉಗುಳು ತಾಗಿ ಹರಡಿದ ನೀಲಿ ಗುರುತುಗಳು. ಒಂದು ಬೆರಳು ಆಚೆ, ಸಮುದ್ರದ ಮೇಲೆ ಬಿದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಒಂದೊಂದು ಗುರುತಿನ ನಡುವೆಯೂ ಓರೆಯಾಗಿ ಒಂದು ಬಿಳಿ ಗೀರು. ಹಗಲ ಬೆಳಕಿಗೆ, ಅಷ್ಟು ಹತ್ತಿರದಿಂದ, ಈ ಸಲ ಉಚ್ಚಂಗಮ್ಮನಿಗೂ ಕಂಡಿತು.

"ನಾನಲ್ಲಮ್ಮ" ಅರ್ಚನಾ ಬಿಕ್ಕುತ್ತಿದ್ದಳು. "ನಾನು ಕೈ ತೊಳ್ಕೊಂಡೇ ಮುಟ್ಟಿದ್ದು."

"ಸುಳ್ಳು ಬೇರೆ! ಅವ್ರು ಮೂರು ಸಲ ಕೇಳಿದ್ರು, ನಿಜ ಹೇಳು, ಹೇಳಿದ್ರೆ ನೀನೇ ಓದು ಅಂದ್ರು. ಅಲ್ಲೂ ನಾನಲ್ಲ, ಇಲ್ಲೂ ನಾನಲ್ಲ. ಮತ್ತಿನ್ಯಾರು, ನಿಮ್ಮಪ್ಪ ಓದಿದ್ನಾ?" ಉಷಾರಾಣಿ ಕೈ ಎತ್ತಿದಳು. ಬೆನ್ನಿಗೆ ಬಿತ್ತು, ಕೆನ್ನೆಗೆ ಬಿತ್ತು. "ಮೂರು ಗಂಟೆಗೆ ಎದ್ದು ನಿನ್ನ ಬೆಳಗಿನ ಪಾಲಿಂದೂ ಕತ್ತರಿಸಿದ್ನಲ್ಲೇ ನಾನು, ಇದಕ್ಕಾ?"

ಅರ್ಚನಾ ಪುಸ್ತಕದ ಕಡೆ ನೋಡಿದಳು. ಆ ಗುರುತುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಅಜ್ಜಿಯ ಕೈ ನೋಡಿದಳು. ಉಚ್ಚಂಗಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಹುಡುಗಿಯ ಅಳು ನಿಂತಿತು.

ಆಗ ಒಂದು ಮಾತು ಸಾಕಿತ್ತು. ಐವತ್ತು ವರ್ಷ ಓಣಿಯನ್ನೇ ನಡುಗಿಸಿದ ಬಾಯಿಗೆ ಒಂದು ಮಾತು ಏನು ದೊಡ್ಡದು? ಬಾಯಿ ತೆರೆದಳು. ಬಂದದ್ದು ಇದು:

"ಮೊದ್ಲೇ ಹೇಳಿದ್ನೆಲ್ಲ ನಾನು. ನಮ್ಮಂಥೋರಿಗೆ ಬೇಕಿತ್ತೇನು ಇದು?"

ಉಷಾರಾಣಿ ಅಲ್ಲೇ ಕುಸಿದು ಕೂತಳು. "ಇಲ್ಲ ಅತ್ತೆ, ಬೇಕಿರಲಿಲ್ಲ. ನಿಮ್ಮ ಮಾತೇ ಸರಿ. ಇನ್ಮೇಲೆ ಹೋಗಲ್ಲ ಅವ್ಳು."

ಹದಿಮೂರು ವರ್ಷದ ಸಂಸಾರದಲ್ಲಿ ಸೊಸೆ 'ನಿಮ್ಮ ಮಾತೇ ಸರಿ' ಎಂದದ್ದು ಅದೇ ಮೊದಲು. ಆ ಮಾತು ಉಚ್ಚಂಗಮ್ಮನಿಗೆ ಒಂದು ಕ್ಷಣ ರುಚಿಸಿತು. ಅದು ರುಚಿಸಿತಲ್ಲ ಎಂದು ಆಮೇಲೆ ಅವಳು ತನ್ನನ್ನು ತಾನೇ ಬೈದುಕೊಂಡಳು. ಆದರೆ ರುಚಿಸಿದ್ದು ನಿಜ.

ಮಧ್ಯಾಹ್ನ ಮಾರುತಿ ಊಟಕ್ಕೆ ಬಂದ. "ಒಂದು ಪುಸ್ತಕಕ್ಕ ಇಷ್ಟು ರಗಳೆ? ಎಷ್ಟಾಗ್ತೈತೆ ಕೇಳು, ತಂದುಕೊಟ್ರಾತು" ಎಂದ.

"ಪುಸ್ತಕದ ಮಾತಲ್ಲ ಅದು" ಎಂದಳು ಉಷಾರಾಣಿ. "ಮಗಳು ಸುಳ್ಳು ಹೇಳ್ತಳೆ, ಅದು."

ಮಾರುತಿ ಅನ್ನಕ್ಕೆ ಸಾರು ಕಲಸಿಕೊಂಡ.

ಶಿಬಿರ ಮುಗಿಯಲು ಇನ್ನೂ ಎಂಟು ದಿನ ಇತ್ತು. ನಾಳೆ ಹೇಳುತ್ತೇನೆ ಎಂದುಕೊಂಡು ಉಚ್ಚಂಗಮ್ಮ ಮೊದಲ ದಿನ ಕಳೆದಳು. ಎರಡನೆಯ ದಿನ ಹೇಳಲು ಅಡುಗೆಮನೆಗೆ ಹೋದಳು. ಸೊಸೆ ಹಿಟ್ಟು ನಾದುತ್ತಿದ್ದಳು.

"ಉಷಾ."

"ಏನು?"

"ಆ ಪುಸ್ತಕ..."

"ಅದರ ಮಾತು ಎತ್ತಬೇಡಿ ಅತ್ತೆ. ಮಾಡಿ ಮುಚ್ಚಿಟ್ಕೊಳ್ಳೋ ಬುದ್ಧಿ ನಮ್ಮ ಕಡೆ ಇಲ್ಲ. ಯಾರ ರಕ್ತದಿಂದ ಬಂತೋ."

ಆ ಮಾತಿಗೆ ಉಚ್ಚಂಗಮ್ಮನ ಮೈ ಉರಿಯಿತು. "ನಮ್ಮ ರಕ್ತಕ್ಕೇನಾಗೈತೆ? ನಿಮ್ಮ ಮಡಕಶಿರದೋರೆಲ್ಲ ಸತ್ಯಹರಿಶ್ಚಂದ್ರರೇನು?" ಎಂದಳು. ಹೇಳಲು ಹೋದದ್ದು ಬೇರೆ, ಹೇಳಿ ಬಂದದ್ದು ಬೇರೆ. ಇನ್ನು ಈಗ ಒಪ್ಪಿಕೊಂಡರೆ ತಾನು ಮಾತ್ರವಲ್ಲ, ತನ್ನ ವಂಶವೇ ಸೊಸೆಯೆದುರು ತಲೆ ತಗ್ಗಿಸಿದಂತೆ ಎನಿಸಿ ಬಾಯಿ ಇನ್ನಷ್ಟು ಬಿಗಿಯಿತು.

ಅರ್ಚನಾ ಒಂದೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜಿ ರಾಶಿಯ ಮುಂದೆ ಕೂರುತ್ತಿದ್ದಳು. ಎಂಟು ಗಂಟೆಗೆ ಓಣಿಯಲ್ಲಿ ಹಾದು ಹೋಗುವ ದುರ್ಗಾ ಎನ್ನುವ ಗೆಳತಿ "ಬರ್ತಿಯೇನೇ?" ಎಂದು ಕೂಗಿದರೆ ಬಾಗಿಲ ಕಡೆ ತಿರುಗುತ್ತಿರಲಿಲ್ಲ. ಆಗಾಗ ಕತ್ತರಿ ನಿಲ್ಲಿಸಿ ಅಜ್ಜಿಯನ್ನು ನೋಡುತ್ತಿದ್ದಳು. ಕೋಪದ ನೋಟವಲ್ಲ, ಕಾಯುವ ನೋಟ. ಉಚ್ಚಂಗಮ್ಮ ಆಗೆಲ್ಲ ದಾರ ಹುಡುಕುವವಳ ಹಾಗೆ ತಲೆ ತಗ್ಗಿಸುತ್ತಿದ್ದಳು. ನಾಲ್ಕನೆಯ ದಿನ ಅವಳಿಗೊಂದು ಉಪಾಯ ಹೊಳೆಯಿತು. ಕೆಂಪಕ್ಕನ ಕೈಯಲ್ಲಿ ಜಿಲೇಬಿ ತರಿಸಿ ಮೊಮ್ಮಗಳ ಮುಂದಿಟ್ಟಳು.

"ತಿನ್ನವ್ವ."

"ಯಾಕಜ್ಜಿ, ಏನು ವಿಶೇಷ?" ಎಂದು ಅರ್ಚನಾ ಅವಳ ಕಣ್ಣಿಗೆ ಕಣ್ಣಿಟ್ಟು ಕೇಳಿದಳು.

ಉಚ್ಚಂಗಮ್ಮ ಎದ್ದು ಹೋದಳು. ಜಿಲೇಬಿಗೆ ಇರುವೆ ಮುತ್ತಿದವು.

ಆರನೆಯ ದಿನದಿಂದ ಹುಡುಗಿ ನೋಡುವುದನ್ನು ನಿಲ್ಲಿಸಿದಳು. ಕೈ ಮಾತ್ರ ಓಡುತ್ತಿತ್ತು. ನಲವತ್ತು ಹೋಗಿ ಅರವತ್ತಾಯಿತು, ಅರವತ್ತು ಹೋಗಿ ಎಂಬತ್ತು. ಓಬುಲೇಶ್ ಬಂಡಲ್ ಎತ್ತಿಕೊಳ್ಳುತ್ತ, "ಏನಮ್ಮಾ, ನಿನ್ನ ಮೊಮ್ಮಗಳ ಕೈ ಬಲೇ ಸ್ಪೀಡು! ನೀನು ಹೇಳಿದ್ದು ಸುಳ್ಳಲ್ಲ" ಎಂದ. ಉಚ್ಚಂಗಮ್ಮನಿಗೆ ಅವನ ಬಾಯಿಗೆ ದಾರ ತುರುಕಬೇಕೆನಿಸಿತು.

ಎಂಟನೆಯ ದಿನ, ಶಿಬಿರ ಮುಗಿಯುವ ದಿನ, ಬೆಳಿಗ್ಗೆಯಿಂದ ಮೈಕಿನ ಸದ್ದು ಪೇಟೆಯ ಕಡೆಯಿಂದ ತೇಲಿ ಬರುತ್ತಿತ್ತು. ಒಮ್ಮೆ ತೆಲುಗು, ಒಮ್ಮೆ ಚಪ್ಪಾಳೆ. ಉಷಾರಾಣಿ ಮಿಕ್ಸಿ ಹಾಕಿದಳು. ಅರೆಯಲು ಏನೂ ಇರಲಿಲ್ಲ ಎಂದು ಉಚ್ಚಂಗಮ್ಮನಿಗೆ ಗೊತ್ತಿತ್ತು. ಹನ್ನೊಂದರ ಸುಮಾರಿಗೆ ಅವಳು ಎದ್ದಳು. ಮತ್ತೆ ಗೂಡು ಸೇರಿದ್ದ ಪುಸ್ತಕ ತೆಗೆದು ಸೆರಗಿನೊಳಗೆ ಇಟ್ಟುಕೊಂಡು, ಯಾರಿಗೂ ಹೇಳದೆ, ಆ ಬಿಸಿಲಿನಲ್ಲಿ ನಡೆದಳು.

ಅವಳು ಹೋಗಿ ಮುಟ್ಟುವಾಗ ಕುರ್ಚಿ ಮಡಚುತ್ತಿದ್ದರು. ಬಂದವರ ಕಾರು ಹೋಗಿತ್ತು. ಮಕ್ಕಳು ಕೈಯಲ್ಲೊಂದೊಂದು ಸರ್ಟಿಫಿಕೇಟು ಹಿಡಿದು ಬೀದಿಗೆ ಬಿದ್ದಿದ್ದರು. ರವಿಶಂಕರ ಮೈಕಿನ ವೈರು ಸುತ್ತುತ್ತಿದ್ದರು.

"ಸಾರ್, ನಾನು ಅರ್ಚನನ ಅಜ್ಜಿ."

"ಬರ್ರಿ ಅಮ್ಮಾ. ಕೂಡ್ರಿ."

ಅವಳು ಕೂರಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟು, ಬಲಗೈಯ ಹೆಬ್ಬೆರಳನ್ನು ಅವರ ಮುಂದೆ ಹಿಡಿದಳು. ಸುತ್ತಿ ಬಳಸಿ ಹೇಳಲು ಅವಳಿಗೆ ಬರುತ್ತಿರಲಿಲ್ಲ. "ಇದು ನಂದ್ರಿ. ಆ ಕಲೆ ಹುಡುಗೀದಲ್ಲ. ಕಥಿ ಏನಾತು ನೋಡಾಕ ಹೋಗಿ ನಾನು ಮುಟ್ಟಿದ್ದು."

ರವಿಶಂಕರ ಬೆರಳನ್ನೂ ನೋಡಿದರು, ಹಾಳೆಯನ್ನೂ ನೋಡಿದರು. ವೈರು ಕೆಳಗಿಟ್ಟರು. ಆಮೇಲೆ ಜೇಬಿನಿಂದ ಕಾರ್ಯಕ್ರಮದ ಕಾಗದ ತೆಗೆದು ಬಿಡಿಸಿದರು. ಅದರಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದಿತ್ತು.

"ಪುಸ್ತಕಕ್ಕ ಕಲೆ ಬಿದ್ದದ್ದು ದೊಡ್ಡ ಮಾತಲ್ಲಮ್ಮಾ. ಅರ್ಚನನ ಹೆಸರು ಇದು, ಇವತ್ತು ಬೆಳಿಗ್ಗಿ ಹತ್ತು ಗಂಟೆ ತನಕ ಹಂಗೇ ಇಟ್ಟಿದ್ದೆ ನಾನು. ಆ ಮಗು ಹೋಗೋ ಮುಂದ ಒಂದು ಮಾತು ಹೇಳಿ ಹೋಯ್ತ್ರಿ. ಮನೆಯಿಂದ ಯಾರಾದ್ರೂ ಬಂದು ಹೇಳ್ತಾರ ಸಾರ್, ಸ್ವಲ್ಪ ಕಾಯ್ರಿ ಅಂತು. ಕಾಯ್ದೆ. ಯಾರೂ ಬರ್ಲಿಲ್ಲ. ಕೊನಿಗೆ ದುರ್ಗಾ ಬ್ಯಾರೆ ಪುಸ್ತಕದಿಂದ ಓದಿದ್ಲು."

"ಈಗ ಓದಿಸ್ರಿ. ಹೋಗಿ ಕರ್ಕೊಂಡು ಬರ್ತೀನಿ."

"ಯಾರ ಮುಂದ ಓದಿಸ್ಲಿ ಅಮ್ಮಾ?" ಎಂದು ಅವರು ಖಾಲಿ ಕೋಣೆಯ ಕಡೆ ನೋಡಿದರು. "ಬೈಯಬ್ಯಾಡ್ರಿ ಹುಡುಗೀನ. ನಾಳೆಯಿಂದ ಕಳಸ್ರಿ, ಲೈಬ್ರರಿ ಎಲ್ಲಿಗೂ ಹೋಗಲ್ಲ. ಪುಸ್ತಕ ಬೇಕಾದ್ರ ನೀವೇ ಇಟ್ಕೊಳ್ರಿ, ಹೊಸದು ನಾನು ತರಿಸ್ತೀನಿ."

ಪುಸ್ತಕವನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡು ಬರುವಾಗ ಉಚ್ಚಂಗಮ್ಮನ ಕಾಲು ಸುಡುತ್ತಿದ್ದವು. ಚಪ್ಪಲಿ ಹಾಕಿಕೊಳ್ಳದೆ ಬಂದಿದ್ದು ಆಗ ಗೊತ್ತಾಯಿತು.

ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು. ತಟ್ಟೆಯ ಮುಂದೆ ಕೂತು, ಯಾರ ಮುಖವನ್ನೂ ನೋಡದೆ, ಲೈಬ್ರರಿಯಲ್ಲಿ ಹೇಳಿದ ಹಾಗೆಯೇ ಹೇಳಿದಳು. ಮಾರುತಿಯ ಕೈ ತುತ್ತಿನ ಮೇಲೆ ನಿಂತಿತು. ಈ ಸಲ ಅವನು ಚಪ್ಪಲಿ ಹುಡುಕಲಿಲ್ಲ. "ಯವ್ವಾ..." ಎಂದ.

ಉಷಾರಾಣಿ ಅತ್ತೆಯನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಉಚ್ಚಂಗಮ್ಮನಿಗೆ ಅನಿಸಿತು. ಸೊಸೆ ಮಗಳ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

ಅರ್ಚನಾ ಹೌದೆಂದು ತಲೆಯಾಡಿಸಿದಳು.

"ಯಾಕೆ ಹೇಳಲಿಲ್ಲ ಮಗ?"

"ನಾನಲ್ಲ ಅಂತ ಹೇಳಿದ್ನೆಲ್ಲಮ್ಮ. ನೀನು ನಂಬಿದೇನು?"

ಉಷಾರಾಣಿಯ ಕಣ್ಣು ತುಂಬಿತು. ಹೊಡೆದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಉಚ್ಚಂಗಮ್ಮ ಪುಸ್ತಕವನ್ನು ಮೊಮ್ಮಗಳ ಪಕ್ಕಕ್ಕೆ ಸರಿಸಿದಳು.

"ಸಾರ್ ಇದು ನಿನಗೇ ಅಂದಾರ. ಉಂಡು ಕೈ ತೊಳ್ಕೊಂಡು ಓದವ್ವ. ಆ ದೋಣಿ ಬಂತೇನೇ ಕೊನಿಗೆ?"

"ಗೊತ್ತಿಲ್ಲಜ್ಜಿ" ಎಂದಳು ಅರ್ಚನಾ. ಪುಸ್ತಕದ ಕಡೆ ನೋಡಲೂ ಇಲ್ಲ. "ಅದನ್ನ ನಾನು ಮುಂದ ಓದೇ ಇಲ್ಲ."

ಅವಳು ರೊಟ್ಟಿಗೆ ಕೈ ಚಾಚಿದಳು. ಬೆಳಗಿನಿಂದ ಎಂಬತ್ತು ಪ್ಯಾಂಟು ಕತ್ತರಿಸಿದ ಕೈ, ಅಂಗೈಯಿಂದ ಉಗುರಿನ ಸಂದಿಯವರೆಗೆ ನೀಲಿ.

"ಕೈ ತೊಳ್ಕೊಳ್ಳೇ ತಾಯಿ" ಎಂದಳು ಉಚ್ಚಂಗಮ್ಮ.

"ಯಾಕ? ಒಣಗೈತೆಲ್ಲ" ಎಂದು ಅರ್ಚನಾ ರೊಟ್ಟಿ ಎತ್ತಿಕೊಂಡಳು. ಬಿಳಿ ಜೋಳದ ರೊಟ್ಟಿಯ ಮೇಲೆ ಸಣ್ಣದೊಂದು ಹೆಬ್ಬೆರಳಿನ ನೀಲಿ ಗುರುತು ಬಿತ್ತು. ಅದನ್ನೇ ಮುರಿದು ಬಾಯಿಗಿಟ್ಟುಕೊಂಡಳು.